ತೋಳಿನ ಕಾಗದ

ನಾನು ಹೊಲಿದುಕೊಟ್ಟ ಪ್ರತಿ ಟಾಪಿನ ಜೊತೆಗೂ ಒಂದು ಚಿಂದಿ ಗಂಟು ಹೋಗುತ್ತದೆ. ಕತ್ತರಿಸಿ ಉಳಿದ ಬಟ್ಟೆಯನ್ನು, ಅಂಗೈಯಗಲದ ತುಂಡಿನಿಂದ ಹಿಡಿದು ಬೆರಳಗಲದ ಪಟ್ಟಿಯವರೆಗೆ, ಒಂದನ್ನೂ ಬಿಡದೆ ಸುರುಳಿ ಸುತ್ತಿ, ಅದೇ ಬಟ್ಟೆಯ ಪಟ್ಟಿಯಿಂದ ಬಿಗಿದು, ಟಾಪಿನ ಮೇಲಿಟ್ಟು ಕೊಡುತ್ತೇನೆ. ಹೊಲಿಯುವವಳು ಬಟ್ಟೆ ಉಳಿಸಿಕೊಳ್ಳುತ್ತಾಳೆ ಎಂಬ ನಂಬಿಕೆ ನಮ್ಮ ಜೇವರ್ಗಿಯ ಹೆಂಗಸರಿಗೆ ಹುಟ್ಟುತ್ತಲೇ ಬಂದದ್ದು. ಬಾಯಿಬಿಟ್ಟು ಕೇಳುವವರು ಕಡಿಮೆ, ಕಣ್ಣಿನಲ್ಲೇ ಕೇಳುವವರು ಬಹಳ. ಟಾಪನ್ನು ಬಿಡಿಸಿ ನೋಡುವ ಮೊದಲೇ ಗಂಟನ್ನು ಕೈಯಲ್ಲಿ ಹಿಡಿದು ಒತ್ತಿ ನೋಡುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಒತ್ತಿ ನೋಡುತ್ತಿದ್ದೆ. ಆದ್ದರಿಂದಲೇ ಗಂಟು ಕಟ್ಟುವ ಕೆಲಸವನ್ನು ಯಾರ ಕೈಗೂ ಕೊಟ್ಟವಳಲ್ಲ.

ಅನುಮಾನ ನನಗೆ ತವರಿನ ಬಳುವಳಿ. ನಮ್ಮ ಅಪ್ಪ ಆಳಂದದ ಮಾರ್ಕೆಟ್ಟಿನಲ್ಲಿ ತೊಗರಿ ತೂಗುತ್ತಿದ್ದರು. "ತಕ್ಕಡಿ ನೋಡಬ್ಯಾಡ, ತೂಗಾವನ ಕೈ ನೋಡು" ಎಂದು ಮಕ್ಕಳಿಗೆ ಹೇಳುತ್ತಿದ್ದರು, ತೂಗುವವರು ತಾವೇ ಆಗಿದ್ದೂ. ಹಾಲಿನಲ್ಲಿ ಬೆರಳದ್ದಿ ನೋಡದೆ ಒಳಗೆ ತಂದವರಲ್ಲ. ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ಅದು ನಿದ್ದೆಯಲ್ಲ, ಜೇಬಿನ ಮೇಲೆ ಕಣ್ಣು ಎನ್ನುತ್ತಿದ್ದರು. ಮದುವೆಯಾಗಿ ಜೇವರ್ಗಿಗೆ ಬರುವಾಗ ನಾನು ತಂದದ್ದು ಹೊಲಿಗೆ ಮಷೀನು ಒಂದು, ಅಪ್ಪನ ಈ ಬುದ್ಧಿ ಒಂದು. ಎರಡೂ ಇವತ್ತಿಗೂ ಕೆಟ್ಟಿಲ್ಲ.

ಆದರೆ ಒಬ್ಬರ ಮೇಲೆ ನನಗೆ ಅನುಮಾನ ಇರಲಿಲ್ಲ. ಅವರು ನಮ್ಮ ಓಣಿಯ ಎದುರು ಸಾಲಿನಲ್ಲಿರುವ ಆಪಾ. ನನಗಿಂತ ಏಳೆಂಟು ವರ್ಷ ದೊಡ್ಡವರು, ಓಣಿಗೆಲ್ಲ ಆಪಾ, ಅಂದರೆ ಅಕ್ಕ, ನನಗೂ ಆಪಾ. ಅವರ ಕೈಯಲ್ಲಿ ಕತ್ತರಿ ಗೆರೆ ಬಿಟ್ಟು ಅಲುಗದೆ ಹೋಗುತ್ತದೆ, ನನ್ನ ಕೈಯಲ್ಲಿ ಹೊಲಿಗೆ ಡೊಂಕಾಗದೆ ಬರುತ್ತದೆ. ಹೀಗಾಗಿ ಅವರು ಕತ್ತರಿಸುವುದು, ನಾನು ಹೊಲಿಯುವುದು ಎಂದು ಯಾವತ್ತೋ ತಾನಾಗಿಯೇ ನಿಗದಿಯಾಗಿತ್ತು. ಬೆಳಗಿನ ಅಡುಗೆ ಮುಗಿಸಿ, ಹಸಿರು ಕೈಚೀಲದಲ್ಲಿ ತಮ್ಮ ಕತ್ತರಿ, ಚಾಳೀಸು ಹಾಕಿಕೊಂಡು ಬರುತ್ತಿದ್ದರು. ಚಾಪೆಯ ಮೇಲೆ ಬಟ್ಟೆ ಹರವಿಕೊಂಡು ಅವರು, ಕಿಟಕಿಯ ಬದಿ ಮಷೀನಿನ ಮೇಲೆ ನಾನು. ನನ್ನ ಗಂಡ ಬಸ್ಸಿನ ಕಂಡಕ್ಟರ್, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ನನಗೆ ಒಡಹುಟ್ಟಿದ ಅಕ್ಕ ತಂಗಿ ಇಲ್ಲ. ಆಪಾ ಬಂದು ಚಪ್ಪಲಿ ಬಿಟ್ಟ ಸಪ್ಪಳ ಕೇಳಿದ ಮೇಲೆಯೇ ನನಗೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತಿತ್ತು.

ಮೊದಲೆಲ್ಲ ನಾವು ಅಳತೆ ಟಾಪಿನ ಮೇಲೆ ಕತ್ತರಿಸುತ್ತಿದ್ದೆವು. ಹೆಂಗಸರು ತಮ್ಮದೊಂದು ಹಳೆಯ ಟಾಪು ತಂದು ಕೊಟ್ಟು, ಇದರಂತೆ ಹೊಲೀರಿ, ಆದರೆ ಇದರಂಗ ಬಿಗಿ ಆಗಬಾರದು, ಇದರಂಗ ಜೋಲಬಾರದು ಅನ್ನುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಫೋಟೋ ತೋರಿಸುವವರು ಹೆಚ್ಚಾದರು. ಒಮ್ಮೆ ಕಲಬುರಗಿಗೆ ಹೋದಾಗ ದಾರ ಗುಂಡಿ ಮಾರುವ ಅಂಗಡಿಯಲ್ಲಿ ಟಾಪಿನ ಪೇಪರ್ ಪ್ಯಾಟರ್ನ್ ನೋಡಿದೆ. ಒಂದು ಲಕೋಟೆ, ಒಳಗೆ ತೆಳ್ಳನೆಯ ಕಾಗದದಲ್ಲಿ ಮುಂದಿನ ಭಾಗ, ಹಿಂದಿನ ಭಾಗ, ಕೊರಳಪಟ್ಟಿ, ತೋಳು, ಎಲ್ಲ ಅಚ್ಚು ಹಾಕಿದ್ದು. ಲಕೋಟೆಯ ಮೇಲಿನ ಚಿತ್ರದ ಹುಡುಗಿ ಊಟ ಕಂಡು ಬಹಳ ದಿನವಾದಂತೆ ಇದ್ದಳು. "ಇದರ ಮ್ಯಾಲ ಇಟ್ಟು ಕತ್ತರಸ್ರಿ, ಕಣ್ಣು ಮುಚ್ಚಿ ಹೊಲೀರಿ" ಅಂದ ಅಂಗಡಿಯವನು. ಕಣ್ಣು ಮುಚ್ಚು ಅಂದವರ ಎದುರು ನಾನು ಕಣ್ಣು ಮುಚ್ಚಿದವಳಲ್ಲ. ಆದರೂ ತಂದೆ.

ಮನೆಯಲ್ಲಿ ಹರವಿದರೆ ಗೆರೆಯ ಮೇಲೆ ಗೆರೆ. ಸಣ್ಣ ಮೈಯವರಿಗೊಂದು, ದೊಡ್ಡ ಮೈಯವರಿಗೊಂದು, ಚುಕ್ಕಿಯದೊಂದು, ತುಂಡು ತುಂಡಿನದೊಂದು. ನಾನು ಪ್ರತಿ ಗೆರೆಯನ್ನೂ ಟೇಪು ಹಿಡಿದು ಅಳೆದೆ. ಆಮೇಲೆ ಟೇಪೇ ಎಳೆದುಕೊಂಡಿರಬಹುದು ಎಂದು ಶಾಲೆಯ ಸ್ಕೇಲು ತಂದು ಟೇಪನ್ನು ಅಳೆದೆ. ಕಾಗದದ ಒಂದು ಮೂಲೆಯಲ್ಲಿ ಸಣ್ಣದೊಂದು ಚೌಕ ಇತ್ತು, ಇದು ಸರಿಯಾಗಿ ಒಂದು ಇಂಚು ಇರಬೇಕು, ಅಳೆದು ನೋಡಿ ಎಂದು ಬರೆದಿದ್ದರು. ಆಪಾ ನಕ್ಕರು.

"ಕಾಗದಕ್ಕೂ ನಿನ್ನ ಗುಣ ಗೊತ್ತದ ನೋಡು ಬೇ. ನೀ ಕೇಳೂಕಿಂತ ಮೊದಲೇ ಪುರಾವೆ ಇಟ್ಟದ."

ಆ ಕಾಗದವನ್ನು ನಂಬಿ ಮೊದಲ ಟಾಪು ಹೊಲಿದದ್ದು ಆಪಾರಿಗೇ. ರಂಜಾನ್ ಹಬ್ಬಕ್ಕೆಂದು ಅವರು ತಂದಿಟ್ಟ ನೀಲಿ ಕಾಟನ್ ಬಟ್ಟೆ, ಸಣ್ಣ ಬಿಳಿ ಹೂವಿನದು. ಕತ್ತರಿಸುವ ಮೊದಲು ಆಪಾ ಕಾಗದದ ತೋಳನ್ನು ತಮ್ಮ ತೋಳಿಗೆ ಸುತ್ತಿ ನೋಡಿದರು. ಅಂಚಿಗೆ ಅಂಚು ಕೂಡಲಿಲ್ಲ.

"ಈಕಿ ಜೋಳದ ರೊಟ್ಟಿ ಬಡದಾಕಿ ಅಲ್ಲ ಬಿಡು" ಎಂದು ಲಕೋಟೆಯ ಹುಡುಗಿಯನ್ನು ತೋರಿಸಿದರು.

ಆಮೇಲೆ ಕಾಗದದ ತೋಳನ್ನು ನಟ್ಟನಡುವೆ ಸೀಳಿ, ಎರಡು ಬೆರಳಷ್ಟು ಅಗಲಿಸಿ, ನಡುವೆ ಉರ್ದು ಪೇಪರಿನ ಪಟ್ಟಿ ಇಟ್ಟು ಮೈದಾ ಅಂಟಿನಿಂದ ಅಂಟಿಸಿದರು. ಕಂಕುಳ ಸುತ್ತನ್ನು ಎರಡು ಸಲ ತಿದ್ದಿದರು. ಹೊಲಿಗೆಯ ಒಳಬದಿಗೆ ಅರ್ಧ ಇಂಚು ಬಟ್ಟೆ ಬಿಟ್ಟರೆ ಸಾಕು ಎಂದು ಕಾಗದದಲ್ಲಿತ್ತು. ನಾವು ಎರಡು ಬೆರಳು ಬಿಟ್ಟೆವು, ನಮ್ಮ ಕಡೆ ಒಳಗೆ ಬಟ್ಟೆ ಬಿಡದೆ ಹೊಲಿದವಳ ಹತ್ತಿರ ಎರಡನೇ ಸಲ ಯಾರೂ ಬರುವುದಿಲ್ಲ. ಆ ನೀಲಿ ಟಾಪು ಆಪಾರ ಮೈಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಹಬ್ಬದ ಮರುದಿನವೇ ಅದರ ತೋಳಿನ ಮಾತು ಓಣಿಯೆಲ್ಲ ಆಯಿತು. ರೊಟ್ಟಿ ಬಡಿದರೂ ಬಿಗಿಯುವುದಿಲ್ಲ, ಹಾಗಂತ ಜೋಲುವುದಿಲ್ಲ. ನರ್ಸಮ್ಮ ಬಂದರು, ಟೀಚರುಗಳು ಬಂದರು, ಆಫೀಸಿನ ಹುಡುಗಿಯರು ಬಂದರು. ಲಕೋಟೆಯ ಉಳಿದ ತುಂಡುಗಳು ಅಂಗಡಿಯವು, ಆ ತೋಳು ಮಾತ್ರ ನಮ್ಮದು. ಅದರ ಮೇಲೆಯೇ ನಮ್ಮ ಕೆಲಸ ನಡೆದಿತ್ತು.

ಆ ತೋಳೇ ಒಂದು ದಿನ ಇಲ್ಲವಾಯಿತು.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬ ಟೀಚರಿಗೆ ಕರಜಗಿಗೆ ವರ್ಗವಾಗಿ, ಹೋಗುವ ಗಡಿಬಿಡಿಯಲ್ಲಿ ಒಂದು ಟಾಪು ಹೊಲಿಸಿಕೊಂಡರು. ಅವತ್ತು ಆಪಾ ಬಂದು ಮುಂದಿನ ಹಿಂದಿನ ಭಾಗ ಕತ್ತರಿಸಿಕೊಟ್ಟು, ಅಫಜಲಪುರದ ತಂಗಿಯ ಮನೆಗೆ ಹೋಗುವುದಿದೆಯೆಂದು ಬೇಗ ಎದ್ದರು. ತೋಳು ನಾನೇ ಕತ್ತರಿಸಿ, ಹೊಲಿದು, ಗಂಟು ಕಟ್ಟಿ ಸಂಜೆಯೊಳಗೆ ಟೀಚರಿಗೆ ಮುಟ್ಟಿಸಿದೆ. ಮರುದಿನ ಲಕೋಟೆ ಬಿಚ್ಚಿದರೆ ಎಲ್ಲ ಇದ್ದವು, ತೋಳು ಇರಲಿಲ್ಲ.

ಚಾಪೆ ಎತ್ತಿ ಕೊಡವಿದೆ. ಮಷೀನಿನ ಖಾನೆ, ಕಪಾಟು, ಹಾಸಿಗೆಯ ಸಂದು, ಕೊನೆಗೆ ಗಂಡನ ಖಾಕಿ ಶರ್ಟಿನ ಜೇಬು ಕೂಡ ನೋಡಿದೆ. ಅಂಗಡಿಗೆ ಫೋನು ಮಾಡಿದರೆ ಆ ನಂಬರಿನ ಲಕೋಟೆ ಮುಗಿದಿದೆ, ಮತ್ತೆ ಬರುವುದು ಗೊತ್ತಿಲ್ಲ ಅಂದರು. ಬಂದರೂ ಏನು, ಅದರಲ್ಲಿ ಆಪಾ ತಿದ್ದಿದ ತೋಳು ಇರುತ್ತದೆಯೇ. ಮಧ್ಯಾಹ್ನದ ಹೊತ್ತಿಗೆ ನನ್ನ ಮನಸ್ಸು ತಾನಾಗಿಯೇ ಓಣಿ ದಾಟಿ ಎದುರು ಸಾಲಿಗೆ ಹೋಯಿತು.

ಆಪಾರ ತಂಗಿ ಅಫಜಲಪುರದಲ್ಲಿ ಹೊಸದಾಗಿ ಮಷೀನು ಹಾಕಿದ್ದರು. ಒಂದು ವಾರದ ಹಿಂದೆ ಆಪಾ, "ಈ ತೋಳಿಂದು ಒಂದು ನಕಲು ತೆಗೆದು ತಂಗೀಗಿ ಕೊಡ್ಲೇನು ಬೇ?" ಎಂದು ಕೇಳಿದ್ದರು. ನಾನು "ನೋಡೋಣ್ರಿ" ಅಂದಿದ್ದೆ. ನಮ್ಮಲ್ಲಿ ನೋಡೋಣ ಅಂದರೆ ಬೇಡ ಎಂದೇ ಅರ್ಥ, ಅದು ಆಪಾರಿಗೂ ಗೊತ್ತು. ಅವತ್ತು ಬೇಗ ಎದ್ದು ಹೋದವರು, ನಾನು ತೋಳು ಕತ್ತರಿಸಿ ಮಷೀನಿಗೆ ಕೂತಾಗ ಮರೆತ ಚಾಳೀಸಿಗೆಂದು ಮತ್ತೆ ಒಳಗೆ ಬಂದು ಹೋಗಿದ್ದರು. ಹಸಿರು ಚೀಲ ದಿನಕ್ಕಿಂತ ಉಬ್ಬಿತ್ತು. ಊರಿಗೆ ಹೋಗುವವರ ಚೀಲ ಉಬ್ಬುತ್ತದೆ ಎಂದು ನನಗೆ ಆಗ ತೋಚಲಿಲ್ಲ. ತೂಗುವವನ ಕೈ ನೋಡು ಎಂದು ಅಪ್ಪ ಕಿವಿಯಲ್ಲಿ ಹೇಳಿದಂತಾಯಿತು.

ಎರಡು ದಿನ ಬಿಟ್ಟು ಆಪಾ ಬಂದರು, ತಂಗಿಯ ಮನೆಯಿಂದ ನನಗೆಂದು ಬೋರೆಹಣ್ಣು ತಂದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಮಾತು ಜೋಡಿಸಿ ಇಟ್ಟುಕೊಂಡಿದ್ದೆ.

"ಆಪಾ, ಊರಿಗಿ ಹೋಗಾಗ ನಿಮ್ಮ ಸಾಮಾನಿನಾಗ ತೋಳಿನ ಕಾಗದ ಏನರ ಬಂದದೇನು, ಒಂದಿಷ್ಟು ನೋಡ್ರಿ."

ಆಪಾ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ ಖಡುವನ್ನು ಕೆಳಗಿಟ್ಟರು. ಆಮೇಲೆ ಚೀಲ ಎಳೆದುಕೊಂಡು ಚಾಪೆಯ ಮೇಲೆ ಬೋರಲು ಹಾಕಿದರು. ಕತ್ತರಿ, ಚಾಳೀಸಿನ ಡಬ್ಬಿ, ಜಪಮಣಿ, ಬಿಪಿ ಗುಳಿಗೆ, ಬಸ್ಸಿನ ಎರಡು ಟಿಕೆಟು. ಖಾಲಿ ಚೀಲವನ್ನು ಒಳಗಿನದು ಹೊರಗೆ ಮಾಡಿ ಎರಡು ಸಲ ಕೊಡವಿದರು.

"ಇಲ್ರಿ" ಅಂದರು.

ಅಲ್ಲಿಯವರೆಗೆ ನನಗೆ ಸಲುಗೆಯಿಂದ ಬೇ ಅನ್ನುತ್ತಿದ್ದವರು, ಅವತ್ತಿನಿಂದ ರಿ ಹಚ್ಚಿದರು. ನನಗೆ ಅದೂ ಅನುಮಾನಕ್ಕೇ ಮೇವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಳ್ಳತನದ ಮಾತೇ ಎತ್ತಿಲ್ಲ, ಸುಮ್ಮನೆ ಕೇಳಿದ್ದಕ್ಕೆ ಚೀಲ ಯಾಕೆ ಕೊಡವಬೇಕು? ಇದನ್ನೇ ರಾತ್ರಿ ಗಂಡನಿಗೆ ಹೇಳಿದೆ. "ಟಿಕೆಟ್ ಇದ್ದೋರೂ ಚೆಕ್ಕಿಂಗ್ ಬಂದ್ರ ಜೇಬಿಗಿ ಕೈ ಹಾಕ್ತಾರ" ಎಂದು ಅವರು ಮಗ್ಗಲು ಬದಲಿಸಿದರು. ಅವರ ಮಾತು ನನಗೆ ರುಚಿಸಲಿಲ್ಲ.

ಮರುದಿನದಿಂದ ಆಪಾ ಪ್ರತಿ ದಿನ ಏಳುವ ಮೊದಲು ಚೀಲವನ್ನು ನನ್ನ ಎದುರು ಬೋರಲು ಹಾಕಿ, ಕೊಡವಿ, ಮತ್ತೆ ತುಂಬಿಕೊಂಡು ಹೋಗತೊಡಗಿದರು. ಇದು ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ನಿಜ ಹೇಳಬೇಕೆಂದರೆ ಚೀಲದಿಂದ ಬೀಳುವುದನ್ನು ಕಣ್ಣಿಟ್ಟು ನೋಡುತ್ತಿದ್ದೆ.

ಇಷ್ಟೇ ಆಗಿದ್ದರೆ ನಮ್ಮಿಬ್ಬರ ನಡುವೆಯೇ ಉಳಿಯುತ್ತಿತ್ತು. ನರ್ಸಮ್ಮ ತಮ್ಮ ಟಾಪು ಯಾಕೆ ತಡವಾಯಿತು ಎಂದು ಕೇಳಿದಾಗ ನನ್ನ ನಾಲಿಗೆ ಜಾರಿತು. "ತೋಳಿನ ಕಾಗದ ಹೋಗ್ಯದ್ರಿ. ಯಾರಂತ ಹೇಳ್ಲಿ, ಈ ಮನಿಗಿ ಬರೋರರ ಎಷ್ಟು ಮಂದಿ" ಅಂದೆ. ನಮ್ಮ ಓಣಿಯಲ್ಲಿ ಮಾತಿಗೆ ಕಾಲು ಬೇಕಿಲ್ಲ. ವಾರದೊಳಗೆ, ಆಪಾರ ಮನೆಯ ಮಷೀನಿನಲ್ಲಿ ಪರದೆ, ದಿಂಬಿನ ಚೀಲ ಹೊಲಿಸುವವರು ಬಟ್ಟೆ ಕೊಡುವ ಮೊದಲು ಅವರ ಎದುರಿಗೇ ಗಜ ಹಿಡಿದು ಅಳೆಯುತ್ತಿದ್ದಾರೆ ಎಂಬ ಸುದ್ದಿ ನನಗೂ ಬಂತು. ಇಪ್ಪತ್ತು ವರ್ಷದಿಂದ ಆ ಓಣಿಯಲ್ಲಿ ಯಾರೂ ಆಪಾರ ಎದುರು ಬಟ್ಟೆ ಅಳೆದಿರಲಿಲ್ಲ. ಕೇಳಿ ನಾನು ಹೊಲಿಯುತ್ತಿದ್ದ ಮಷೀನು ನಿಲ್ಲಿಸಿದೆ. ಆದರೆ ತೋಳು ಸಿಗುವವರೆಗೆ ನಾನು ಹೇಳಿದ್ದು ತಪ್ಪು ಎನ್ನಲು ಏನಾಧಾರ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಇವತ್ತು ನೆನೆದರೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಈ ಜಾಗದಲ್ಲಿ.

ಅದೇ ವಾರದ ಕೊನೆಗೆ ಆಪಾ ಒಂದು ರಟ್ಟಿನ ತೋಳು ತಂದು ನನ್ನ ಮಷೀನಿನ ಮೇಲಿಟ್ಟರು. ಯಾವುದೋ ಸಾಮಾನಿನ ಡಬ್ಬದ ರಟ್ಟು, ಪೆನ್ಸಿಲಿನಿಂದ ಗೆರೆ ಹೊಡೆದು ಕತ್ತರಿಸಿದ್ದು.

"ಇದರ ಮ್ಯಾಲ ಕೆಲಸ ನಡಸ್ರಿ. ಗಿರಾಕಿ ಕಾಯಾಕತ್ತಾರ."

ಕತ್ತರಿಸಿ ಹೊಲಿದು ನೋಡಿದೆ. ಕಂಕುಳ ಸುತ್ತಿಗೆ ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ನನಗೆ ಹೊಳೆದದ್ದು ಒಂದೇ: ಮೂಲ ಕೈಯಲ್ಲಿ ಇಲ್ಲದೆ ನಕಲು ಇಷ್ಟು ಬರೋಬರಿ ಹೇಗೆ ಬರುತ್ತದೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅದೇ ಹೊತ್ತಿಗೆ ಇನ್ನೊಂದೂ ಕಣ್ಣಿಗೆ ಬಿತ್ತು. ಎರಡು ದಿನಕ್ಕೊಮ್ಮೆ ಹಾಕುತ್ತಿದ್ದ ನೀಲಿ ಟಾಪನ್ನು ಆಪಾ ಹಾಕುವುದು ಬಿಟ್ಟಿದ್ದರು. ನಾನು ಹೊಲಿದದ್ದು ಎಂದೇ ಬಿಟ್ಟಿದ್ದಾರೆ ಎಂದುಕೊಂಡೆ.

ಎಳ್ಳ ಅಮಾವಾಸ್ಯೆ ಬಂತು. ಪ್ರತಿ ವರ್ಷದಂತೆ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಡಬ್ಬಿಗೆ ತುಂಬಿಕೊಂಡು ಆಪಾರ ಮನೆಗೆ ಹೋದೆ. ಆ ಸಲ ಡಬ್ಬಿ ಒಂದು ನೆಪ, ಒಳಗೆ ಹೋಗಬೇಕಿತ್ತು. ಆಪಾ ಡಬ್ಬಿ ಖಾಲಿ ಮಾಡಿಕೊಡಲು ಅಡುಗೆಮನೆಗೆ ಹೋದರು. ನಾನು ಅವರ ಮಷೀನಿನ ಖಾನೆಯನ್ನು ಮೆಲ್ಲಗೆ ಎಳೆದೆ. ದಾರದ ಉಂಡೆಗಳ ಪಕ್ಕದಲ್ಲಿ ಇಸ್ತ್ರಿ ಮಾಡಿ ಮಡಚಿಟ್ಟ ಒಂದು ತೋಳಿತ್ತು. ಒಂದೇ ತೋಳು. ನೀಲಿ ಕಾಟನ್, ಸಣ್ಣ ಬಿಳಿ ಹೂವು. ಅದೇ ಬಟ್ಟೆ ಮತ್ತೆ ತಂದು, ನಮ್ಮ ತೋಳು ಇಟ್ಟು, ಇನ್ನೊಂದು ಟಾಪು ಹೊಲಿಯುತ್ತಿದ್ದಾರೆ, ತಂಗಿಗೇ ಇರಬೇಕು. ಸಿಕ್ಕಿತು ಪುರಾವೆ ಎಂದುಕೊಂಡೆ.

ತಿರುಗಿ ನೋಡಿದರೆ ಆಪಾ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತೊಳೆದ ಡಬ್ಬಿ, ಅದರಲ್ಲಿ ಸಕ್ಕರೆ ಹಾಕಿದ್ದರು, ಡಬ್ಬಿಯನ್ನು ಬರಿದು ಕಳಿಸುವವರಲ್ಲ.

"ಒಳಗಿನ ಖೋಲ್ಯಾಗ ಒಂದು ಪೆಟ್ಟಗಿ ಅದ. ಅದನೂ ತೆರೀಲೇನ್ರಿ?"

ಅವರ ದನಿ ಏರಲಿಲ್ಲ. ನಾನು ಖಾನೆ ಮುಚ್ಚಿ, ಡಬ್ಬಿ ತೆಗೆದುಕೊಂಡು, ಸೂಜಿ ಬೇಕಿತ್ತು ಎಂದು ಏನೋ ತೊದಲಿ ಮನೆಗೆ ಬಂದೆ. ಮರುದಿನ ಆಪಾ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕದ್ದವರು ಸಿಕ್ಕಿಬಿದ್ದ ಮೇಲೆ ಬರುತ್ತಾರೆಯೇ ಎಂದು ಮೊದಲ ವಾರ ನನಗೆ ನಾನೇ ಹೇಳಿಕೊಂಡೆ. ಎರಡನೇ ವಾರ ಹೇಳಿಕೊಳ್ಳುವುದು ಕಷ್ಟವಾಯಿತು. ಓಣಿಯಲ್ಲಿ ಯಾರದೇ ಚಪ್ಪಲಿ ಸಪ್ಪಳವಾದರೂ ಮಷೀನಿನ ಚಕ್ರಕ್ಕೆ ಕೈ ಹಿಡಿದು ನಿಲ್ಲಿಸುತ್ತಿದ್ದೆ. ನಾನೇ ಕತ್ತರಿಸಿದ ಟಾಪುಗಳ ಅಂಚು ಹಲ್ಲು ಹಲ್ಲಾಗಿ ಬರುತ್ತಿತ್ತು. ಚಹಾ ಎರಡು ಲೋಟ ಇಳಿಸಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಕರಜಗಿಯ ಟೀಚರು ಯಾವುದೋ ಕಚೇರಿ ಕೆಲಸಕ್ಕೆಂದು ಜೇವರ್ಗಿಗೆ ಬಂದವರು ನಮ್ಮ ಮನೆಗೂ ಬಂದರು.

"ಆ ಊರಾಗ ಕಬ್ಬಿನ ಹಾಲು, ಬೆಲ್ಲ ತಿಂದು ದಪ್ಪ ಆಗೇನಿ ನೋಡ್ರಿ. ಈ ಟಾಪಿನೊಳಗ ಬಟ್ಟಿ ಬಿಟ್ಟೀರಲ್ಲ, ಸಡ್ಲ ಮಾಡಿಕೊಡ್ರಿ. ಕಂಕುಳಾಗ ಜೋಡಿಸೋದು ಬಿದ್ರ ಇರ್ಲಿ ಅಂತ ಗಂಟೂ ತಂದೇನಿ. ಬಿಚ್ಚೇ ಇಲ್ಲ, ಹಂಗೇ ಕಪಾಟಿನಾಗಿಟ್ಟಿದ್ದೆ."

ನಾನು ಕಟ್ಟಿದ ಗಂಟು ನಾನು ಕಟ್ಟಿದಂತೆಯೇ ಇತ್ತು. ಪಟ್ಟಿ ಬಿಚ್ಚಿ ಸುರುಳಿ ಬಿಡಿಸಿದೆ. ಬಟ್ಟೆಯೊಳಗೆ ಕಾಗದ ಸರಬರ ಅಂದಿತು. ದೊಡ್ಡ ತುಂಡಿಗೆ ಎರಡು ಟಾಚಣಿಯಿಂದ ಚುಚ್ಚಿದ ತೋಳು. ನಟ್ಟನಡುವೆ ಉರ್ದು ಪೇಪರಿನ ಪಟ್ಟಿ.

"ಏನ್ರಿ ಅದು?" ಅಂದರು ಟೀಚರು.

"ಏನಿಲ್ರಿ, ಕಾಗದ" ಅಂದೆ.

ಅವರು ಎದ್ದು ಹೋದ ಮೇಲೆ ಮೊದಲು ನನಗೆ ಏನನ್ನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆಪಾರೇ ಇದನ್ನು ಗಂಟಿನಲ್ಲಿ ಇಟ್ಟಿರಬಹುದೇ ಅನ್ನಿಸಿತು. ಆದರೆ ಅವತ್ತು ಗಂಟು ಕಟ್ಟುವ ಹೊತ್ತಿಗೆ ಆಪಾ ಆಗಲೇ ಊರಿಗೆ ಹೋಗಿದ್ದರು, ಕಟ್ಟಿದವಳು ನಾನು, ಈ ಜನ್ಮದಲ್ಲಿ ಗಂಟನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಎರಡನೇ ತೋಳು ಆ ಉಳಿದ ತುಂಡಿನಲ್ಲಿ ಬರುತ್ತದೆಯೋ ಎಂದು ಕಾಗದವನ್ನು ಅದಕ್ಕೆ ಚುಚ್ಚಿ ನೋಡಿದ್ದೆ. ನಾಲ್ಕು ಬೆರಳು ಸಾಲಲಿಲ್ಲ. ಬೇರೆ ಕಡೆ ಬಟ್ಟೆ ಮಡಚಿ, ಮೊದಲು ಕತ್ತರಿಸಿದ ತೋಳನ್ನೇ ಮೇಲಿಟ್ಟು ಎರಡನೆಯದನ್ನು ಕತ್ತರಿಸಿದ್ದೆ. ಟೀಚರಿಗೆ ಬಸ್ಸಿನ ಗಡಿಬಿಡಿ, ನನಗೆ ಗಂಟಿನ ಗಡಿಬಿಡಿ. ಒಂದು ಚಿಂದಿಯನ್ನೂ ಉಳಿಸಿಕೊಂಡವಳಲ್ಲ ಎಂದು ತೋರಿಸಲು ಹೋಗಿ ಆಪಾರ ತೋಳನ್ನೂ ಸುತ್ತಿ ಕೊಟ್ಟಿದ್ದೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಮಾತು ಹೇಳಿ ನಾನೇ ಎಷ್ಟು ಸಲ ನಕ್ಕಿದ್ದೇನೆ. ಆಕೆ ಕೂಸು ಹುಡುಕಿದಳು ಅಷ್ಟೇ, ಯಾರ ಮನೆಯ ಖಾನೆಯನ್ನೂ ಎಳೆಯಲಿಲ್ಲ.

ಒಲೆ ಉರಿಯುತ್ತಿತ್ತು. ಕಾಗದ ತೆಳ್ಳಗಿತ್ತು, ಚಿಟಿಕೆ ಹೊಡೆಯುವಷ್ಟರಲ್ಲಿ ಬೂದಿಯಾಗುತ್ತಿತ್ತು. ಟೀಚರಿಗೆ ಅದು ಏನೆಂದೇ ಗೊತ್ತಿಲ್ಲ. ರಟ್ಟಿನ ತೋಳಿನಿಂದ ಕೆಲಸವೂ ನಡೆದಿತ್ತು. ಹೀಗೆಲ್ಲ ಯೋಚಿಸಿದೆ, ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗುಚಿ ನೋಡಿದಾಗ ಪಟ್ಟಿಯ ಅಂಚಿನಲ್ಲಿ ಆಪಾರ ಹೆಬ್ಬೆರಳಿನ ಗುರುತು ಒಣಗಿದ ಮೈದಾ ಅಂಟಿನಲ್ಲಿ ಹಾಗೆಯೇ ಇತ್ತು. ಒಲೆ ಆರಿಸಿ, ಕಾಗದ ಹಿಡಿದುಕೊಂಡು ಓಣಿ ದಾಟಿದೆ.

ಆಪಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಕಾಗದವನ್ನು ಅವರ ಮುಂದೆ ಇಟ್ಟೆ.

"ಸಿಕ್ತು ಆಪಾ. ನಾ ಕಟ್ಟಿದ ಗಂಟಿನಾಗೇ ಇತ್ತು. ಟೀಚರ್ ತಂದ್ರು. ತಪ್ಪಾತು, ನಿಮ್ಮ ಕಾಲು ಹಿಡಿತೇನಿ."

ಅವರು ಮೊರದಿಂದ ಕೈ ತೆಗೆದು ಕಾಗದ ಎತ್ತಿಕೊಂಡರು. ಪಟ್ಟಿಯ ಮೇಲೆ ಬೆರಳಾಡಿಸಿ ಮತ್ತೆ ನನಗೇ ಕೊಟ್ಟರು.

"ನನಗ ಹೇಳಿ ಏನು ಮಾಡ್ತೀರಿ? ನಾ ಒಯ್ದಿಲ್ಲ ಅಂಬೋದು ನನಗ ಮೊದಲಿಂದ ಗೊತ್ತದ. ಓಣ್ಯಾಗ ಹೇಳ್ರಿ."

ಹೂಂ ಅಂದೆ. ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ಅಪ್ಪನ ಮಗಳು ಎಲ್ಲಿ ಹೋಗುತ್ತಾಳೆ, ಒಂದು ಪ್ರಶ್ನೆ ಒಳಗೆ ಕೊರೆಯುತ್ತಲೇ ಇತ್ತು. ಕಣ್ಣಲ್ಲಿ ನೀರಿಟ್ಟುಕೊಂಡೇ ಕೇಳಿದೆ.

"ಮತ್ತ ಆ ರಟ್ಟಿನ ತೋಳು ಅಷ್ಟು ಬರೋಬರಿ ಹ್ಯಾಂಗ ಬಂತ್ರಿ?"

ಆಪಾ ನನ್ನನ್ನು ನೋಡಿದರು. ನಗು ಬಂದಂತೆ ಇತ್ತು, ನಗಲಿಲ್ಲ. ಒಳಗೆ ಹೋಗಿ ನೀಲಿ ಟಾಪು ತಂದು ನನ್ನ ತೊಡೆಯ ಮೇಲೆ ಹಾಕಿದರು. ಒಂದು ಕಡೆ ತೋಳಿತ್ತು, ಒಂದು ಕಡೆ ಇರಲಿಲ್ಲ. ಇಲ್ಲದ ತೋಳು ಅದರ ಮೇಲೇ ಮಡಚಿ ಇಟ್ಟಿತ್ತು, ನಾನು ಖಾನೆಯಲ್ಲಿ ನೋಡಿದ ತೋಳು.

"ಇದರ ತೋಳು ಬಿಚ್ಚಿ, ರಟ್ಟಿನ ಮ್ಯಾಲ ಇಟ್ಟು ಗೆರಿ ಹೊಡದೆ. ಕಾಗದ ಹೋಯ್ತಂತ ಕೆಲಸ ನಿಲ್ಲಬಾರದಲ್ಲ."

"ಮತ್ತ ತಿರುಗಿ ಹಚ್ಚಿಕೊಬೇಕಿತ್ತಲ್ರಿ, ನಿಮ್ಮನಿಯಾಗೂ ಮಷೀನ್ ಅದ."

"ಕತ್ತರಸೋದು ನಂದು, ಹೊಲಿಯೋದು ನಿಂದು" ಅಂದರು ಆಪಾ. "ಟಾಪು ಯಾಕ ಹಾಕೊಂಡಿಲ್ಲಂತ ನೀ ಕೇಳ್ತಿ ಅಂತ ಖಾನ್ಯಾಗ ಇಟ್ಟಿದ್ದೆ. ನೀ ಕೇಳಲಿಲ್ಲ, ಖಾನಿ ತೆರದಿ."

ಅದನ್ನು ಮಡಿಲಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಆ ತೋಳು ಹಚ್ಚಲು ನನಗೆ ಹಿಡಿದಷ್ಟು ಹೊತ್ತು ಯಾವ ಟಾಪಿಗೂ ಹಿಡಿದಿಲ್ಲ, ಮೂರು ಸಲ ಬಿಚ್ಚಿ ಹಚ್ಚಿ ರಾತ್ರಿಯೇ ಆಪಾರಿಗೆ ಮುಟ್ಟಿಸಿದೆ. ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂದಾಗ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು, ನರ್ಸಮ್ಮನೂ ಇದ್ದರು. "ತೋಳಿನ ಕಾಗದ ನನ್ನ ಗಂಟಿನಾಗೇ ಇತ್ತು. ಆಪಾ ಒಯ್ದಿರಲಿಲ್ಲ, ನಾ ಸುಳ್ಳು ಅನುಮಾನ ಮಾಡಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬಾಕೆ ನನ್ನ ಕೈಯಿಂದ ಕೊಡ ತೆಗೆದುಕೊಂಡು ತಾನೇ ತುಂಬಿಕೊಟ್ಟಳು. ಆದರೆ ಅವತ್ತಿನಿಂದ ನಾನು ಕೊಟ್ಟ ಚಿಂದಿ ಗಂಟನ್ನು ಎಲ್ಲರೂ ನನ್ನ ಎದುರಿಗೇ ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ ಒಯ್ಯುತ್ತಾರೆ. ಅದು ನನಗೆ ಸಲ್ಲಬೇಕಾದದ್ದೇ.

ಸೋಮವಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಆಪಾ ನೀಲಿ ಟಾಪು ಹಾಕಿಕೊಂಡು ಬಂದಿದ್ದರು. "ಏನು ಕತ್ತರಸೂದದ, ತಾ ಬೇ" ಎಂದು ಚಾಪೆಯ ಮೇಲೆ ಕೂತರು. ಆ ಬೇ ಕೇಳಿ ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಚಹಾ ಎರಡು ಲೋಟ ಆಯಿತು, ಅಫಜಲಪುರದ ತಂಗಿಯ ಮಾತು ಬಂತು. ತೋಳಿನ ನಕಲನ್ನು ನಾನೇ ತೆಗೆದು, ಇದನ್ನು ತಂಗಿಗೆ ಕಳಿಸಿರಿ ಎಂದು ಕೊಟ್ಟೆ. ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಎಲ್ಲ ಮೊದಲಿನಂತೆಯೇ ಆಯಿತು ಎಂದುಕೊಂಡೆ.

ಏಳುವ ಹೊತ್ತಿಗೆ ಆಪಾ ಚೀಲ ಎಳೆದುಕೊಂಡು ಚಾಪೆಯ ಮೇಲೆ ಬೋರಲು ಹಾಕಿದರು. ಕತ್ತರಿ, ಚಾಳೀಸು, ಜಪಮಣಿ, ಗುಳಿಗೆ, ನಾನೇ ಕೊಟ್ಟ ನಕಲು.

"ಬ್ಯಾಡ್ರಿ ಆಪಾ. ಇನ್ನ ಯಾಕ?"

"ಇರ್ಲಿ ಬೇ. ರೂಢಿ ಆಗ್ಯದ."

ಇವತ್ತಿಗೂ ದಿನಾ ಹಾಗೆಯೇ ಮಾಡುತ್ತಾರೆ. ನಡುವೆ ಮಾತು, ನಗು, ಬೈಗುಳ ಎಲ್ಲ ಇದೆ. ಚೀಲ ಬೋರಲಾಗುವ ಹೊತ್ತಿಗೆ ನಾನು ಮುಖ ತಿರುಗಿಸಿ ಮಷೀನಿಗೆ ದಾರ ಪೋಣಿಸುತ್ತೇನೆ, ಎಣ್ಣೆ ಬಿಡುತ್ತೇನೆ, ಏನೂ ಇಲ್ಲದಿದ್ದರೆ ಕಿಟಕಿಯಾಚೆ ನೋಡುತ್ತೇನೆ. ಆಪಾ ಅವಸರ ಮಾಡುವುದಿಲ್ಲ, ಕೂತೇ ಇರುತ್ತಾರೆ. ನಾನು ತಿರುಗಿ ನೋಡುವವರೆಗೆ ಚೀಲ ತುಂಬುವುದಿಲ್ಲ.